ಮಲೆನಾಡಿನ ದಿಗಂಬರ ಬಿಂಬ ಮತ್ತು ಆಧುನಿಕ ರೇಖಾಚಿತ್ರದ ನಗ್ನಾಕೃತಿ: ಗ್ರೀಕ್ ಹಾಗೂ ರಿನೈಸಾನ್ಸ್ ಪ್ರಭಾವಗಳ ಪರಿಶೀಲನೆ

ಆಧುನಿಕ ಭಾರತೀಯ ಚಿತ್ರಕಲೆಯ ಚರಿತ್ರೆಯನ್ನು ಬರೆದವರು ನಗ್ನ ಮಾನವಾಕೃತಿಯ ರೇಖಾಚಿತ್ರವನ್ನು ಸಾಮಾನ್ಯವಾಗಿ ಪಶ್ಚಿಮದ ಕೊಡುಗೆಯೆಂದೇ ಪರಿಗಣಿಸಿದ್ದಾರೆ. ಗ್ರೀಕ್ ಶಿಲ್ಪ, ಇಟಲಿಯ ರಿನೈಸಾನ್ಸ್, ಅಲ್ಲಿಂದ ಯುರೋಪಿನ ಕಲಾ ಅಕಾಡೆಮಿಗಳು, ಅವುಗಳ ಮೂಲಕ ವಸಾಹತುಕಾಲದ ಕಲಾಶಾಲೆಗಳು ಎಂಬ ಒಂದು ನೇರ ದಾರಿಯನ್ನು ಅವರು ಗುರುತಿಸುತ್ತಾರೆ. ಈ ದಾರಿ ಸುಳ್ಳಲ್ಲ, ಆದರೆ ಅಪೂರ್ಣ. ಕಲಾಶಾಲೆಯ ಮೆಟ್ಟಿಲನ್ನು ಹತ್ತುವ ಮೊದಲೇ ಕರ್ನಾಟಕದ, ಅದರಲ್ಲಿಯೂ ಮಲೆನಾಡು ಮತ್ತು ಕರಾವಳಿಯ, ವಿದ್ಯಾರ್ಥಿಯ ಕಣ್ಣಿಗೆ ನಿರ್ವಸ್ತ್ರ ಮಾನವಾಕೃತಿಯೊಂದು ಪರಿಚಿತವಾಗಿರುತ್ತದೆ. ಅದು ಬಸದಿಯ ಜಿನಬಿಂಬ. ಈ ಪರಿಚಯವು ಹೊರಗಿನಿಂದ ಬಂದ ನಗ್ನಾಕೃತಿಯನ್ನು ಗ್ರಹಿಸುವ ಬಗೆಯನ್ನು ಹೇಗೆ ರೂಪಿಸಿತು ಎಂಬ ಪ್ರಶ್ನೆ ಕಲಾಚರಿತ್ರೆಯಲ್ಲಿ ಸಾಕಷ್ಟು ಚರ್ಚೆಗೆ ಬಂದಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಶಿಲ್ಪಪರಿಸರವನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

1. ಪ್ರದೇಶ ಮತ್ತು ಅದರ ಶಿಲ್ಪಪರಿಸರ

ತುಂಗಾ ಮತ್ತು ಭದ್ರಾ ನದಿಗಳ ನಡುವೆ ಹಾಗೂ ಅವುಗಳ ಆಸುಪಾಸಿನಲ್ಲಿ ಹರಡಿರುವ ಈ ಮೂರು ತಾಲ್ಲೂಕುಗಳು ಅಡಕೆ ತೋಟ, ಕಾಫಿ ಮತ್ತು ದಟ್ಟ ಕಾಡಿನ ನಾಡು. ಶೃಂಗೇರಿಯು ಅದ್ವೈತ ಪೀಠದಿಂದಲೂ ವಿದ್ಯಾಶಂಕರ ದೇವಾಲಯದಿಂದಲೂ ಪ್ರಸಿದ್ಧವಾಗಿದೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆ ಕುವೆಂಪು ಅವರ ಜನ್ಮಸ್ಥಳ. ಹಿಂದೆ ಎಡೆಹಳ್ಳಿ ಎಂದು ಕರೆಯಲ್ಪಡುತ್ತಿದ್ದ ನರಸಿಂಹರಾಜಪುರದ ಸಮೀಪದಲ್ಲಿ ಸಿಂಹನಗದ್ದೆಯ ಜೈನ ಮಠವಿದ್ದು, ಜ್ವಾಲಾಮಾಲಿನಿ ದೇವಿಯ ಕ್ಷೇತ್ರವೆಂದು ಅದು ಹೆಸರಾಗಿದೆ.

ವಿದ್ಯಾಶಂಕರ ದೇವಾಲಯವನ್ನು ಸಂಪ್ರದಾಯವು 1338ಕ್ಕೆ ಸೇರಿಸುತ್ತದೆ. ಹದಿನಾಲ್ಕನೆಯ ಶತಮಾನದ ಮಧ್ಯಭಾಗದ್ದೆಂಬುದು ಹಲವು ವಿದ್ವಾಂಸರ ಮತ. ವಿಜಯನಗರದ ಹರಿಹರನೂ ಅವನ ಸಹೋದರರೂ 1346ರಲ್ಲಿ ಶೃಂಗೇರಿಯಲ್ಲಿ ಮಾಡಿದ ದಾನದ ಶಾಸನವು ಆ ಕಾಲದ ರಾಜಕೀಯ ಹಿನ್ನೆಲೆಯನ್ನು ಸ್ಪಷ್ಟಪಡಿಸುತ್ತದೆ. ದೇವಾಲಯದ ಮಂಟಪದಲ್ಲಿ ಹನ್ನೆರಡು ರಾಶಿಗಳನ್ನು ಸೂಚಿಸುವ ಕಂಬಗಳಿವೆ. ಮುಂಗಾಲೆತ್ತಿ ನಿಂತ ಯಾಳಿಗಳು, ಅವುಗಳ ಬಾಯೊಳಗೆ ಉರುಳುವ ಕಲ್ಲಿನ ಗುಂಡು, ಹೊರಗೋಡೆಯ ಸುತ್ತ ಸಾಲಾಗಿ ನಿಂತ ದೇವತಾಮೂರ್ತಿಗಳು ನೋಡುಗರ ಗಮನವನ್ನು ಸೆಳೆಯುತ್ತವೆ. ಇಲ್ಲಿನ ಮಾನವಾಕೃತಿಗಳಲ್ಲಿ ಮೇಲುಮೈ ಬರಿದಾಗಿದ್ದರೂ ಆಕೃತಿ ನಗ್ನವೆನ್ನಿಸುವುದಿಲ್ಲ. ಹಾರ, ಕೇಯೂರ, ಉದರಬಂಧ, ಕಟಿಸೂತ್ರಗಳು ದೇಹವನ್ನು ಭಾಗಭಾಗವಾಗಿ ಗುರುತಿಸುತ್ತವೆ. ವಸ್ತ್ರದ ಕೆಲಸವನ್ನು ಆಭರಣವೇ ನಿರ್ವಹಿಸುತ್ತದೆ. ಈ ಪ್ರದೇಶದ ವೀರಗಲ್ಲು ಮತ್ತು ಮಾಸ್ತಿಕಲ್ಲುಗಳಲ್ಲಿಯೂ ಇದೇ ಕ್ರಮ ಸರಳ ರೂಪದಲ್ಲಿ ಕಂಡುಬರುತ್ತದೆ.

ಇದಕ್ಕೆ ಸಂಪೂರ್ಣ ವ್ಯತಿರಿಕ್ತವಾದುದು ಜಿನಬಿಂಬ. ಶೃಂಗೇರಿ ಪಟ್ಟಣದ ನಡುವೆ ಇರುವ ಪಾರ್ಶ್ವನಾಥ ಬಸದಿ ಹನ್ನೆರಡನೆಯ ಶತಮಾನದ್ದು. ವಿದ್ಯಾಶಂಕರ ದೇವಾಲಯಕ್ಕಿಂತ ಹಳೆಯದು. ಶಾರದೆಯ ಊರಿನ ಮಧ್ಯದಲ್ಲಿಯೇ ದಿಗಂಬರ ಬಿಂಬವೊಂದು ಶತಮಾನಗಳಿಂದ ಪೂಜೆಗೊಳ್ಳುತ್ತಿರುವುದು ಗಮನಾರ್ಹ ಸಂಗತಿ. ದಿಗಂಬರ ಸಂಪ್ರದಾಯದ ಜಿನನಿಗೆ ವಸ್ತ್ರವಿಲ್ಲ, ಆಭರಣವಿಲ್ಲ, ಆಯುಧವಿಲ್ಲ, ವಾಹನವಿಲ್ಲ. ಸಿಂಹನಗದ್ದೆಯಲ್ಲಿ ಪೂಜೆಗೊಳ್ಳುವ ಜ್ವಾಲಾಮಾಲಿನಿಯು ಎಂಟನೆಯ ತೀರ್ಥಂಕರ ಚಂದ್ರಪ್ರಭನ ಯಕ್ಷಿ. ಶಿಲ್ಪಶಾಸ್ತ್ರದ ಪ್ರಕಾರ ಆಕೆ ಎಂಟು ತೋಳುಗಳಲ್ಲಿ ಆಯುಧಗಳನ್ನು ಧರಿಸಿದವಳು, ಮಹಿಷವಾಹನೆ, ಸರ್ವಾಲಂಕಾರಭೂಷಿತೆ. ಅವಳ ತೀರ್ಥಂಕರನಾದರೋ ಸಂಪೂರ್ಣ ನಿರಾಭರಣ. ಯಕ್ಷಿಯ ಸಾಲಂಕೃತ ದೇಹ ಮತ್ತು ಜಿನನ ನಿರಲಂಕೃತ ದೇಹ ಒಂದೇ ಆವರಣದಲ್ಲಿ ಆರಾಧನೆಗೊಳ್ಳುವ ಈ ವ್ಯವಸ್ಥೆಯಲ್ಲಿ ನಗ್ನತೆಗೆ ಸ್ಪಷ್ಟವಾದ ಅರ್ಥವಿದೆ. ಅದು ಎಲ್ಲವನ್ನೂ ಬಿಟ್ಟ ಸ್ಥಿತಿ.

2. ಪದಗಳ ವಿವೇಚನೆ

ಕೆನೆತ್ ಕ್ಲಾರ್ಕ್ ಅವರು 1956ರಲ್ಲಿ ಪ್ರಕಟಿಸಿದ ನಗ್ನಾಕೃತಿಯ ಅಧ್ಯಯನದಲ್ಲಿ ಬಟ್ಟೆ ಕಳೆದುಕೊಂಡು ನಾಚಿದ ದೇಹಕ್ಕೂ ಕಲೆಯು ರೂಪಿಸಿದ ನಿಸ್ಸಂಕೋಚದ ದೇಹಕ್ಕೂ ಇಂಗ್ಲಿಷಿನ ಎರಡು ಪದಗಳನ್ನು ಹಿಡಿದು ಭೇದ ಕಲ್ಪಿಸಿದರು. ಕನ್ನಡದಲ್ಲಿ ಈ ವಿಭಾಗ ಎರಡಕ್ಕೆ ನಿಲ್ಲುವುದಿಲ್ಲ. ‘ಬತ್ತಲೆ’ ಎಂಬುದು ನಿತ್ಯವ್ಯವಹಾರದ ಮಾತು. ಅದರಲ್ಲಿ ಮುಗ್ಧತೆಯೂ ಇರಬಹುದು, ಅವಮಾನವೂ ಇರಬಹುದು. ‘ನಗ್ನ’ ಎಂಬುದು ಗ್ರಾಂಥಿಕ. ಕಲಾವಿಮರ್ಶೆಯಲ್ಲಿ ರೂಢಿಗೆ ಬಂದದ್ದು ಇದೇ. ‘ದಿಗಂಬರ’ ಎಂಬುದು ದಿಕ್ಕುಗಳನ್ನೇ ಉಟ್ಟ ಸ್ಥಿತಿ. ಅದು ಕೊರತೆಯನ್ನಲ್ಲ, ಪೂರ್ಣತೆಯನ್ನು ಹೇಳುವ ಪದ. ಇದಕ್ಕೆ ಸಮೀಪದ ನಾಲ್ಕನೆಯ ನೆಲೆಯೊಂದನ್ನು ಅಕ್ಕಮಹಾದೇವಿಯ ಪರಂಪರೆ ಒದಗಿಸಿದೆ. ಮಲೆನಾಡಿನ ಉಡುತಡಿಯ ಆ ಶರಣೆಯ ಕೇಶಾವೃತ ರೂಪವು ಆಧುನಿಕ ಕನ್ನಡ ಕಲಾವಿದರ ಕೈಯಲ್ಲಿ ಅನೇಕ ಬಾರಿ ಮೂಡಿಬಂದಿದೆ. ಅಲ್ಲಿ ದೇಹವನ್ನು ಮರೆಮಾಡಿದ ಕೂದಲೇ ದೇಹದ ಇರವನ್ನು ಹೇಳುತ್ತದೆ. ಹೀಗೆ ಕನ್ನಡ ನೋಡುಗನ ಮನಸ್ಸಿನಲ್ಲಿ ವಸ್ತ್ರವಿಲ್ಲದ ದೇಹವೆಂದರೆ ಒಂದೇ ಅರ್ಥವಲ್ಲ. ಯುರೋಪಿನ ನಗ್ನಾಕೃತಿ ಇಲ್ಲಿಗೆ ಬಂದಾಗ ಅದು ಬರಿದಾದ ನೆಲದ ಮೇಲೆ ಕಾಲಿಡಲಿಲ್ಲ.

3. ಗ್ರೀಕ್ ಮಾದರಿ ಮತ್ತು ಕಾಯೋತ್ಸರ್ಗ

ಕ್ರಿ.ಪೂ. 600ರ ಸುಮಾರಿನ ಗ್ರೀಕ್ ಕೂರೊಸ್ ಶಿಲ್ಪಗಳು ಮೊದಲ ನೋಟಕ್ಕೆ ಕಾಯೋತ್ಸರ್ಗದ ಜಿನನನ್ನು ನೆನಪಿಸುತ್ತವೆ. ನೇರ ನಿಲುವು, ಮುಂದಕ್ಕೆ ನೆಟ್ಟ ದೃಷ್ಟಿ, ಅಗಲವಾದ ಭುಜ, ಇಕ್ಕೆಲಗಳಲ್ಲಿ ಇಳಿಬಿದ್ದ ತೋಳುಗಳು ಎರಡರಲ್ಲಿಯೂ ಇವೆ. ಆದರೆ ಕೂರೊಸ್ ಎಡಗಾಲನ್ನು ಮುಂದಿಟ್ಟಿರುತ್ತದೆ. ಕೈಗಳು ಮುಷ್ಟಿ ಕಟ್ಟಿರುತ್ತವೆ. ಅದು ಹೆಜ್ಜೆಯಿಡಲು ಸಿದ್ಧವಾದ ಯುವಕನ ದೇಹ. ಕಾಯೋತ್ಸರ್ಗದಲ್ಲಿ ಪಾದಗಳು ಸಮನಾಗಿರುತ್ತವೆ, ಬೆರಳುಗಳು ಸಡಿಲವಾಗಿರುತ್ತವೆ, ತೋಳುಗಳು ಮೈಗೆ ತಾಗದಂತೆ ಇಳಿದಿರುತ್ತವೆ. ದೇಹದ ಮೇಲಿನ ಮಮಕಾರವನ್ನು ಬಿಟ್ಟು ನಿಲ್ಲುವುದೇ ಈ ಭಂಗಿಯ ಹೆಸರಿನ ಅರ್ಥ. ಇವೆರಡರ ನಡುವೆ ಪ್ರಭಾವ ಸಂಬಂಧವನ್ನು ಕಲ್ಪಿಸುವ ಅಗತ್ಯವಿಲ್ಲ. ಪಾಟ್ನಾ ಸಮೀಪದ ಲೋಹಾನಿಪುರದಲ್ಲಿ 1937ರಲ್ಲಿ ದೊರೆತ, ಮೌರ್ಯ ಮೆರುಗಿನ ನಗ್ನ ಮುಂಡಶಿಲ್ಪವನ್ನು ಅನೇಕ ವಿದ್ವಾಂಸರು ಜಿನಬಿಂಬವೆಂದು ಗುರುತಿಸಿರುವುದು ಈ ರೂಪದ ಪ್ರಾಚೀನತೆಯನ್ನು ಸೂಚಿಸುತ್ತದೆ.

ಗ್ರೀಕ್ ಶಿಲ್ಪವು ಮುಂದೆ ಬೇರೆ ದಾರಿ ಹಿಡಿಯಿತು. ಕ್ರಿ.ಪೂ. ಐದನೆಯ ಶತಮಾನದಲ್ಲಿ ಪಾಲಿಕ್ಲೀಟಸ್ ತನ್ನ ಭರ್ಜಿಧಾರಿಯ ಶಿಲ್ಪದಲ್ಲಿ ದೇಹದ ಭಾರವನ್ನು ಒಂದು ಕಾಲಿನ ಮೇಲೆ ನಿಲ್ಲಿಸಿ ಇನ್ನೊಂದನ್ನು ಸಡಿಲಗೊಳಿಸಿದನು. ಸೊಂಟ ಒಂದು ಕಡೆಗೆ ವಾಲಿದರೆ ಭುಜ ಇನ್ನೊಂದು ಕಡೆಗೆ ವಾಲುವ ಈ ಪ್ರತಿತುಲನೆಯ ನಿಲುವು ಅನಂತರದ ಯುರೋಪಿನ ನಗ್ನಾಕೃತಿಗೆ ಅಡಿಪಾಯವಾಯಿತು. ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲಿ ಪ್ರಾಕ್ಸಿಟಲೀಸ್ ಕಡೆದ ಕ್ನಿಡಸ್‌ನ ಆಫ್ರೊಡೈಟಿ ಸ್ತ್ರೀನಗ್ನತೆಯನ್ನು ಪೂರ್ಣಪ್ರಮಾಣದ ಶಿಲ್ಪಕ್ಕೆ ತಂದಿತು. ಭಾರತೀಯ ಶಿಲ್ಪದಲ್ಲಿಯೂ ಭಾರವನ್ನು ಒಂದು ಕಡೆಗೆ ಹೊರಿಸುವ ಆಭಂಗ ಮತ್ತು ತ್ರಿಭಂಗಗಳಿವೆ. ಆದರೆ ಅವು ದೇವಿ, ಯಕ್ಷಿ, ಮದನಿಕೆಯರಿಗೆ ಸಲ್ಲುತ್ತವೆ. ಜಿನನಿಗೆ ಸಮಭಂಗವೇ ನಿಯತ. ಗ್ರೀಕ್ ಕಲೆಯಲ್ಲಿ ನಗ್ನತೆ ಮತ್ತು ಬಳುಕು ಒಂದೇ ದೇಹದಲ್ಲಿ ಕೂಡಿದರೆ, ಕರ್ನಾಟಕದ ಶಿಲ್ಪದಲ್ಲಿ ಬಳುಕಿಗೆ ಆಭರಣ, ನಗ್ನತೆಗೆ ನಿಶ್ಚಲತೆ ಎಂಬ ಹಂಚಿಕೆ ನಡೆದಿದೆ. ಈ ಹಂಚಿಕೆಯೇ ಮುಂದಿನ ಚರ್ಚೆಗೆ ಕೀಲಿಕೈಯಾಗಿದೆ.

4. ಅಳತೆಯ ಎರಡು ಪರಂಪರೆಗಳು

ರಿನೈಸಾನ್ಸ್ ಕಾಲದ ಕಲಾವಿದರು ಪ್ರಾಚೀನ ಗ್ರೀಕ್–ರೋಮನ್ ದೇಹವನ್ನು ಅಳತೆ ಮತ್ತು ಅಂಗಚ್ಛೇದನ ಎಂಬ ಎರಡು ಸಾಧನಗಳಿಂದ ಮರಳಿ ಪಡೆದರು. ಲಿಯೊನಾರ್ಡೊ 1490ರ ಸುಮಾರಿನಲ್ಲಿ ರಚಿಸಿದ, ವೃತ್ತ ಮತ್ತು ಚೌಕದೊಳಗೆ ನಿಂತ ಪುರುಷನ ರೇಖಾಚಿತ್ರವು ರೋಮಿನ ವಾಸ್ತುಶಾಸ್ತ್ರಜ್ಞ ವಿಟ್ರೂವಿಯಸನ ಲೆಕ್ಕವನ್ನು ಆಧರಿಸಿದೆ. ಗದ್ದದಿಂದ ನೆತ್ತಿಯವರೆಗಿನ ತಲೆಯು ಎತ್ತರದ ಎಂಟನೆಯ ಒಂದು ಭಾಗ. ಗದ್ದದಿಂದ ಹಣೆಯ ಮೇಲಿನ ಕೂದಲಿನ ಬುಡದವರೆಗಿನ ಮುಖವು ಹತ್ತನೆಯ ಒಂದು ಭಾಗ. 1504ರಲ್ಲಿ ಮೈಕೆಲೇಂಜೆಲೊ ಕೈಗೊಂಡ ಕಾಸಿನಾ ಯುದ್ಧದ ಕರಡುಚಿತ್ರದಲ್ಲಿ ಸ್ನಾನ ಮಾಡುತ್ತಿದ್ದ ಸೈನಿಕರು ಕರೆ ಕೇಳಿ ಗಡಬಡಿಸಿ ಏಳುವ ದೃಶ್ಯವಿತ್ತು. ನಗ್ನದೇಹದ ಚಲನೆಗಳ ಪಾಠಶಾಲೆಯೇ ಅದಾಯಿತು. ಡ್ಯೂರರನ ಮಾನವ ಪ್ರಮಾಣದ ಗ್ರಂಥ 1528ರಲ್ಲಿ, ವೆಸೇಲಿಯಸನ ಅಂಗರಚನಾಗ್ರಂಥ 1543ರಲ್ಲಿ ಪ್ರಕಟವಾದವು. ಹೀಗೆ ರೇಖಾಚಿತ್ರವು ಚರ್ಮದ ಕೆಳಗಿನ ಸ್ನಾಯುವನ್ನೂ ಮೂಳೆಯನ್ನೂ ಬಲ್ಲ ವಿದ್ಯೆಯಾಯಿತು.

ಭಾರತೀಯ ತಾಳಮಾನ ಪದ್ಧತಿಯಲ್ಲಿ ಮುಖದ ಉದ್ದವೇ ತಾಳ. ಹನ್ನೆರಡು ಅಂಗುಲದ ಒಂಬತ್ತು ತಾಳಗಳು ಸೇರಿದರೆ 108 ಅಂಗುಲದ ನವತಾಳ. ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ಪುರುಷರನ್ನು ಹಂಸ, ಭದ್ರ, ಮಾಲವ್ಯ, ರುಚಕ, ಶಶಕ ಎಂದು ವಿಂಗಡಿಸಿ ಕ್ರಮವಾಗಿ 108, 106, 104, 100 ಮತ್ತು 90 ಅಂಗುಲಗಳ ಎತ್ತರವನ್ನು ಹೇಳುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಹನ್ನೆರಡನೆಯ ಶತಮಾನದ ಕರ್ನಾಟಕದಲ್ಲಿಯೇ ಈ ವಿದ್ಯೆಯನ್ನು ವಿಸ್ತಾರವಾಗಿ ನಿರೂಪಿಸಿದ ಗ್ರಂಥ. ಜಿನನ ವಿಷಯದಲ್ಲಿ ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯು ಮೊಣಕಾಲನ್ನು ಮುಟ್ಟುವ ತೋಳು, ಎದೆಯ ಮೇಲಿನ ಶ್ರೀವತ್ಸ, ಪ್ರಶಾಂತ ಭಾವ, ತಾರುಣ್ಯ, ರೂಪ ಮತ್ತು ನಿರ್ವಸ್ತ್ರತೆಯನ್ನು ಲಕ್ಷಣಗಳಾಗಿ ಹೇಳಿದೆ.

ಎರಡು ಪರಂಪರೆಗಳೂ ಮುಖವನ್ನು ಅಳತೆಗೋಲಾಗಿ ಬಳಸುತ್ತವೆ, ಎರಡೂ ಆದರ್ಶದೇಹವನ್ನು ಅರಸುತ್ತವೆ. ವ್ಯತ್ಯಾಸವಿರುವುದು ಆ ಅಳತೆಯ ಪರೀಕ್ಷೆಯಲ್ಲಿ. ರಿನೈಸಾನ್ಸ್ ಕಲಾವಿದ ತನ್ನ ಲೆಕ್ಕವನ್ನು ಎದುರಿಗೆ ನಿಂತ ರೂಪದರ್ಶಿಯ ದೇಹದ ಮೇಲೆ ಪರೀಕ್ಷಿಸಿದನು; ಶಿಲ್ಪಿಯು ಅದನ್ನು ಧ್ಯಾನಶ್ಲೋಕದ ಮೇಲೆ ಪರೀಕ್ಷಿಸಿದನು. ಆದ್ದರಿಂದಲೇ ಜಿನಬಿಂಬದಲ್ಲಿ ಸ್ನಾಯುಗಳ ಉಬ್ಬುತಗ್ಗು ಕಾಣುವುದಿಲ್ಲ. ಒಳಗಿನಿಂದ ಉಸಿರು ತುಂಬಿದಂತೆ ನಯವಾಗಿ ಉಬ್ಬಿದ ಮೈ ಕಾಣುತ್ತದೆ. 981ರ ಸುಮಾರಿನ ಶ್ರವಣಬೆಳಗೊಳದ ಗೊಮ್ಮಟನಲ್ಲಿ ಮೊಣಕಾಲಿನ ಕೆಳಭಾಗ ಪ್ರಮಾಣಕ್ಕಿಂತ ಗಿಡ್ಡವೆಂಬ ಆಕ್ಷೇಪ ಹಳೆಯ ವಿವರಣೆಗಳಲ್ಲಿ ಬರುತ್ತದೆ. ಗ್ರೀಕ್ ಅಳತೆಯನ್ನು ಹಿಡಿದು ನೋಡಿದಾಗ ಹುಟ್ಟುವ ಆಕ್ಷೇಪವದು. ಬುಡದಿಂದ ಕತ್ತೆತ್ತಿ ನೋಡುವ ಭಕ್ತನಿಗೆ ಆ ಭಾಗ ಬಿಂಬವನ್ನು ನೆಲಕ್ಕೆ ಬೇರೂರಿಸುವ ಬುಡದಂತೆ ತೋರುತ್ತದೆ.

5. ಕಲಾಶಾಲೆಗಳು ಮತ್ತು ಪ್ಲಾಸ್ಟರ್ ಎರಕಗಳು

ಯುರೋಪಿನಲ್ಲಿ ನಗ್ನಾಕೃತಿಯ ಅಭ್ಯಾಸವು 1648ರ ಪ್ಯಾರಿಸ್ ಅಕಾಡೆಮಿ, 1768ರ ಲಂಡನ್ನಿನ ರಾಯಲ್ ಅಕಾಡೆಮಿಗಳಲ್ಲಿ ನಿಯಮಿತ ಪಠ್ಯವಾಯಿತು. ವಿದ್ಯಾರ್ಥಿಯು ಮೊದಲು ಮುದ್ರಿತ ಚಿತ್ರಗಳನ್ನು ನಕಲು ಮಾಡಬೇಕು; ಬಳಿಕ ಪ್ರಾಚೀನ ಶಿಲ್ಪಗಳ ಪ್ಲಾಸ್ಟರ್ ಎರಕಗಳನ್ನು ಬಿಡಿಸಬೇಕು; ಕೊನೆಯಲ್ಲಷ್ಟೆ ಜೀವಂತ ರೂಪದರ್ಶಿಯ ಎದುರು ಕುಳಿತುಕೊಳ್ಳಬೇಕು. ಜೀವಂತ ದೇಹವನ್ನು ನೋಡುವ ವೇಳೆಗೆ ಅವನ ಕಣ್ಣು ಗ್ರೀಕ್ ದೇಹಕ್ಕೆ ಒಗ್ಗಿಹೋಗಿರುತ್ತಿತ್ತು. ಮದರಾಸಿನಲ್ಲಿ 1850ರಲ್ಲಿ, ಕಲ್ಕತ್ತೆಯಲ್ಲಿ 1854ರಲ್ಲಿ, ಮುಂಬಯಿಯಲ್ಲಿ 1857ರಲ್ಲಿ ಆರಂಭವಾದ ಕಲಾಶಾಲೆಗಳಿಗೆ ಈ ಕ್ರಮದ ಮೊದಲ ಎರಡು ಮೆಟ್ಟಿಲುಗಳು ಬಂದವು, ಮೂರನೆಯದು ತಡವಾಯಿತು. ಕರಕುಶಲಕರ್ಮಿಗಳನ್ನು ತಯಾರಿಸುವುದು ಈ ಶಾಲೆಗಳ ಆರಂಭದ ಗುರಿಯಾಗಿದ್ದುದರಿಂದ ಜೀವಂತ ದೇಹದ ಅಭ್ಯಾಸ ಅನಾವಶ್ಯಕವೆಂಬ ಭಾವನೆಯಿತ್ತು. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ನಗ್ನ ರೂಪದರ್ಶಿಯ ತರಗತಿ ನೆಲೆಗೊಂಡದ್ದು 1919ರಲ್ಲಿ ಅಧಿಕಾರ ವಹಿಸಿಕೊಂಡ ಗ್ಲ್ಯಾಡ್‌ಸ್ಟನ್ ಸಾಲೊಮನ್ ಅವರ ಕಾಲದಲ್ಲಿ.

ಇದಕ್ಕೆ ಪ್ರತಿಯಾದ ಧ್ವನಿ ಕಲ್ಕತ್ತೆಯಿಂದ ಎದ್ದಿತ್ತು. 1896ರಲ್ಲಿ ಅಲ್ಲಿಗೆ ಬಂದ ಹ್ಯಾವೆಲ್ ಎರಕಗಳ ನಕಲನ್ನು ನಿರುತ್ತೇಜಿಸಿದರು. ಅವನೀಂದ್ರನಾಥ ಠಾಕೂರರು 1914ರಲ್ಲಿ ಇಂಗ್ಲಿಷಿನಲ್ಲಿ ಹೊರಬಂದ ಭಾರತೀಯ ಕಲಾ ಅಂಗರಚನೆಯ ಕುರಿತ ಪುಸ್ತಿಕೆಯಲ್ಲಿ ದೇಹದ ಅವಯವಗಳನ್ನು ಸ್ನಾಯುಗಳಿಂದಲ್ಲ, ನಿಸರ್ಗದ ರೂಪಗಳ ಹೋಲಿಕೆಯಿಂದ ವಿವರಿಸಿದರು. ಆ ವರ್ಷಗಳಲ್ಲಿ ಅವರ ಶಿಷ್ಯರಾಗಿದ್ದವರಲ್ಲಿ ಮೈಸೂರಿನ ಕೆ. ವೆಂಕಟಪ್ಪ ಒಬ್ಬರು. ಮೈಸೂರಿಗೆ ಮರಳಿದ ಮೇಲೆ ವೆಂಕಟಪ್ಪನವರು ನಿಸರ್ಗದೃಶ್ಯಗಳಿಗೂ ಪ್ಲಾಸ್ಟರಿನ ಉಬ್ಬುಶಿಲ್ಪಗಳಿಗೂ ತಮ್ಮ ಶ್ರಮವನ್ನು ಮೀಸಲಿಟ್ಟರು. ನಗ್ನಾಕೃತಿ ಅವರ ಮುಖ್ಯ ವಸ್ತುವಾಗಲಿಲ್ಲ. ಹೀಗೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕನ್ನಡದ ಯುವ ಕಲಾವಿದನ ಮುಂದೆ ಎರಡು ದಾರಿಗಳಿದ್ದವು. ಒಂದು ಮುಂಬಯಿಯ ರೂಪದರ್ಶಿಯ ಕಡೆಗೆ, ಇನ್ನೊಂದು ಕಲ್ಕತ್ತೆಯ ಲಕ್ಷಣಶ್ಲೋಕದ ಕಡೆಗೆ.

ಇದೇ ಅವಧಿಯಲ್ಲಿ ರವಿವರ್ಮನ ಚಿತ್ರಗಳ ಮುದ್ರಿತ ಪ್ರತಿಗಳು ಮನೆಮನೆಯ ಗೋಡೆಗೆ ಬಂದವು. 1894ರಲ್ಲಿ ಆರಂಭವಾದ ಅವನ ಮುದ್ರಣಾಲಯದ ದೇವಿಯರು ಸಂಪೂರ್ಣ ವಸ್ತ್ರಧಾರಿಗಳು. ಆದರೆ ಸೀರೆಯ ಒಳಗಿರುವ ದೇಹ ಯುರೋಪಿನ ಅಕಾಡೆಮಿಯದು. ಅದರ ನಿಲುವಿನಲ್ಲಿ ಭಾರ ಒಂದು ಕಾಲಿನ ಮೇಲಿದೆ, ನೆರಳು ಬೆಳಕುಗಳು ಅದರ ದುಂಡನ್ನು ಕಟ್ಟಿವೆ. ಗ್ರೀಕ್ ನಗ್ನಾಕೃತಿಯು ಕನ್ನಡ ನಾಡಿನ ಸಾಮಾನ್ಯ ಮನೆಯನ್ನು ಮೊದಲು ಪ್ರವೇಶಿಸಿದ್ದು ಹೀಗೆ, ಸೀರೆಯುಟ್ಟು. ಬಸದಿಯಲ್ಲಿ ಬಟ್ಟೆಯಿಲ್ಲದ ದೇಹದ ಎದುರು ಕೈಮುಗಿದವನೇ ಮನೆಯಲ್ಲಿ ಬಟ್ಟೆಯುಟ್ಟ ದೇಹದ ಎದುರು ಕೈಮುಗಿದನು. ಎರಡರ ನಡುವಿನ ಅಂತರವು ಅವನನ್ನು ಕಾಡಲಿಲ್ಲ. ಏಕೆಂದರೆ ಎರಡೂ ಅವನಿಗೆ ಚಿತ್ರಗಳಾಗಿರಲಿಲ್ಲ, ದೇವರಾಗಿದ್ದವು.

6. ಹೆಬ್ಬಾರರ ರೇಖೆ

ಈ ಎರಡು ದಾರಿಗಳು ಕೂಡಿದ ಸ್ಥಳವನ್ನು ಕಟ್ಟಿಂಗೇರಿ ಕೃಷ್ಣ ಹೆಬ್ಬಾರರ (1911–1996) ರೇಖಾಚಿತ್ರಗಳಲ್ಲಿ ಕಾಣಬಹುದು. ಶೃಂಗೇರಿಯಿಂದ ಘಟ್ಟ ಇಳಿದರೆ ಸಿಗುವ ಕಾರ್ಕಳ–ಉಡುಪಿ ಪ್ರದೇಶ ಅವರ ಹುಟ್ಟುನೆಲ. ಘಟ್ಟದ ಮೇಲಿನ ಕಳಸ ಮತ್ತು ಕೆಳಗಿನ ಕಾರ್ಕಳಗಳನ್ನು ಒಟ್ಟಾಗಿ ಆಳಿದ ಭೈರರಸರ ಕಾಲದಿಂದಲೂ ಈ ಎರಡು ಪ್ರದೇಶಗಳ ಜೈನ ಶಿಲ್ಪಪರಿಸರ ಒಂದೇ ಆಗಿದೆ. 1432ರಲ್ಲಿ ಪ್ರತಿಷ್ಠೆಗೊಂಡ ಕಾರ್ಕಳದ 42 ಅಡಿಯ ಗೊಮ್ಮಟ ಆ ಮನೆತನದ ವೀರಪಾಂಡ್ಯನ ಕೊಡುಗೆ. ಹೆಬ್ಬಾರರು 1938ರಲ್ಲಿ ಜೆ.ಜೆ. ಕಲಾಶಾಲೆಯಲ್ಲಿ ಡಿಪ್ಲೊಮಾ ಪಡೆದರು; ಅನಂತರ ಕೆಲವು ವರ್ಷ ಅಲ್ಲಿಯೇ ಬೋಧಿಸಿದರು; 1949–50ರಲ್ಲಿ ಪ್ಯಾರಿಸಿನ ಅಕಾಡೆಮಿ ಜೂಲಿಯನ್‌ನಲ್ಲಿ ಅಭ್ಯಾಸ ಮಾಡಿದರು. ಗ್ರೀಕ್ ಎರಕದಿಂದ ಜೀವಂತ ರೂಪದರ್ಶಿಯವರೆಗಿನ ಸಂಪೂರ್ಣ ಅಕಾಡೆಮಿಕ್ ಶಿಕ್ಷಣ ಅವರಿಗೆ ಲಭಿಸಿತ್ತು.

ಆದರೆ ಅವರ ಪ್ರೌಢ ರೇಖಾಚಿತ್ರಗಳಲ್ಲಿ ಆ ಶಿಕ್ಷಣವು ನೆರಳು ಬೆಳಕಿನ ರೂಪದಲ್ಲಿ ಉಳಿಯಲಿಲ್ಲ. 1964ರಲ್ಲಿ ‘ಸಿಂಗಿಂಗ್ ಲೈನ್’ ಎಂಬ ಹೆಸರಿನಲ್ಲಿ ಪ್ರಕಟವಾದ ಸಂಪುಟವು ಇದಕ್ಕೆ ಸಾಕ್ಷಿ. ನರ್ತಕರು, ವಾದ್ಯಗಾರರು, ದುಡಿಯುವ ಜನರು ಅಲ್ಲಿ ಕೆಲವೇ ಗೆರೆಗಳಲ್ಲಿ ನಿಲ್ಲುತ್ತಾರೆ. ದೇಹದ ಭಾರ ಯಾವ ಕಾಲಿನ ಮೇಲಿದೆ, ಬೆನ್ನುಹುರಿ ಎಲ್ಲಿ ತಿರುಗಿದೆ ಎಂಬುದು ಗೆರೆಯಿಂದಲೇ ತಿಳಿಯುತ್ತದೆ. ಅಂಗರಚನೆಯ ಜ್ಞಾನವಿಲ್ಲದೆ ಇಂತಹ ಗೆರೆ ಸಾಧ್ಯವಿಲ್ಲ. ಆದರೆ ಆ ಜ್ಞಾನವನ್ನು ಪ್ರದರ್ಶಿಸುವ ಇಚ್ಛೆ ಗೆರೆಗಿಲ್ಲ. ದೇಹದ ಚಲನೆಯ ಅರಿವಿಗಾಗಿ ಹೆಬ್ಬಾರರು ಕಥಕ್ ನೃತ್ಯವನ್ನು ಕಲಿತದ್ದು ಪ್ರಸಿದ್ಧ ಸಂಗತಿ. ಪಾಲಿಕ್ಲೀಟಸನಿಂದ ಬಂದ ಪ್ರತಿತುಲನೆಯ ನಿಲುವನ್ನು ಅವರು ರೂಪದರ್ಶಿಯ ವೇದಿಕೆಯಿಂದ ಇಳಿಸಿ ನೃತ್ಯದ ತ್ರಿಭಂಗದೊಡನೆ ಕೂಡಿಸಿದರೆನ್ನಬಹುದು.

ರೇಖೆಗೆ ಈ ಪ್ರಾಧಾನ್ಯ ಕೊಡುವುದು ಎರಡು ಪರಂಪರೆಗಳಿಗೂ ಸಮ್ಮತ. ಹದಿನಾರನೆಯ ಶತಮಾನದ ಫ್ಲಾರೆನ್ಸಿನಲ್ಲಿ ವಸಾರಿಯು ರೇಖಾವಿನ್ಯಾಸವನ್ನು ಚಿತ್ರ, ಶಿಲ್ಪ, ವಾಸ್ತುಗಳ ಸಮಾನ ತಾಯಿಬೇರೆಂದು ಪ್ರತಿಪಾದಿಸಿದನು. ಚಿತ್ರಸೂತ್ರವೂ ಆಚಾರ್ಯರ ಮೆಚ್ಚುಗೆಯನ್ನು ವರ್ಣಕ್ಕಲ್ಲ, ರೇಖೆಗೆ ಕೊಟ್ಟಿದೆ. ಆಧುನಿಕ ಯುರೋಪಿನಲ್ಲಿಯೂ ಇದೇ ಒಲವು ಮರಳಿತು. ರೊಡಾನ್ ತನ್ನ ಕೊನೆಯ ದಶಕಗಳ ನಗ್ನಾಕೃತಿಗಳಲ್ಲಿ ಚಲಿಸುವ ರೂಪದರ್ಶಿಯನ್ನು ನೋಡುತ್ತ ಗೆರೆಯೆಳೆದನು. ಚೋಳ ನಟರಾಜನ ಛಾಯಾಚಿತ್ರಗಳನ್ನು ಕಂಡು 1913ರಲ್ಲಿ ಅವನು ಬರೆದ ಟಿಪ್ಪಣಿಗಳು 1921ರಲ್ಲಿ ಪ್ರಕಟವಾದವು. ಪಿಕಾಸೊ 1930ರಿಂದ 1937ರ ನಡುವೆ ರಚಿಸಿದ ವೊಲಾರ್ಡ್ ಮಾಲಿಕೆಯ ನೂರು ಮುದ್ರಣಗಳಲ್ಲಿ ಗ್ರೀಕ್ ಶಿಲ್ಪಿ ಮತ್ತು ಅವನ ರೂಪದರ್ಶಿಯ ವಸ್ತುವು ನೆರಳಿಲ್ಲದ ತೆಳು ಗೆರೆಯಲ್ಲಿ ಪದೇಪದೇ ಬರುತ್ತದೆ. ಪ್ಯಾರಿಸಿನಲ್ಲಿ ಹೆಬ್ಬಾರರು ಕಂಡ ಆಧುನಿಕತೆಯು ಅವರಿಗೆ ಅಪರಿಚಿತವೆನಿಸದಿದ್ದುದಕ್ಕೆ ಇದೂ ಕಾರಣವಾಗಿರಬಹುದು.

7. ಅದೇ ಕಾಲದ ಇನ್ನೊಂದು ನಗ್ನಾಕೃತಿ

ಆಧುನಿಕ ನಗ್ನಾಕೃತಿಯೆಂದರೆ ಕಲಾಶಾಲೆಯ ರೇಖಾಚಿತ್ರವೊಂದೇ ಎಂಬ ಗ್ರಹಿಕೆಯನ್ನು ತಿದ್ದುವ ಉದಾಹರಣೆ ಕಾರ್ಕಳದಲ್ಲಿಯೇ ಇದೆ. ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈ (1896–1985) ಅವರು ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1967ರ ಸುಮಾರಿಗೆ, 39 ಅಡಿಯ ಬಾಹುಬಲಿಯನ್ನು ಏಕಶಿಲೆಯಲ್ಲಿ ಕಡೆಯಲು ತೊಡಗಿದರು. 1973ರಲ್ಲಿ ಧರ್ಮಸ್ಥಳಕ್ಕೆ ಸಾಗಿಸಲಾದ ಆ ಬಿಂಬವು 1982ರಲ್ಲಿ ಪ್ರತಿಷ್ಠೆಗೊಂಡಿತು. ಕಾಲದ ದೃಷ್ಟಿಯಿಂದ ಇದು ಹೆಬ್ಬಾರರ ರೇಖಾಸಂಪುಟದ ಸಮಕಾಲೀನ ಕೃತಿ. ಒಂದು ಶಾಸ್ತ್ರಪ್ರಮಾಣದಿಂದ ಬಂದುದು, ಇನ್ನೊಂದು ಕಣ್ಣಿನ ಅಭ್ಯಾಸದಿಂದ ಬಂದುದು. ಒಂದನ್ನು ಕಲಾಚರಿತ್ರೆಯು ‘ಆಧುನಿಕ’ವೆಂದೂ ಇನ್ನೊಂದನ್ನು ‘ಸಾಂಪ್ರದಾಯಿಕ’ವೆಂದೂ ಬೇರೆಬೇರೆ ಅಧ್ಯಾಯಗಳಲ್ಲಿ ಇಟ್ಟಿದೆ. ಇಪ್ಪತ್ತನೆಯ ಶತಮಾನದ ಕರ್ನಾಟಕದಲ್ಲಿ ಮಾನವದೇಹದ ರೂಪಣೆಯನ್ನು ಕುರಿತು ಬರೆಯುವವರು ಈ ಎರಡನ್ನೂ ಒಂದೇ ಅಧ್ಯಾಯದಲ್ಲಿ ಓದಬೇಕಾಗಿದೆ. ಗ್ರೀಕ್–ರಿನೈಸಾನ್ಸ್ ಪ್ರಭಾವವು ಎಲ್ಲಿ ತಲುಪಿತು ಎಂಬುದರಷ್ಟೇ, ಎಲ್ಲಿ ಅದರ ಅಗತ್ಯವೇ ಬೀಳಲಿಲ್ಲ ಎಂಬುದೂ ಚರಿತ್ರೆಯ ಭಾಗ.

8. ನೋಟ, ನಾಚಿಕೆ ಮತ್ತು ನ್ಯಾಯಾಲಯ

ನಗ್ನಾಕೃತಿಯ ಬಗೆಗಿನ ಸಂಕೋಚವು ಪಶ್ಚಿಮಕ್ಕೂ ಹೊಸದಲ್ಲ. 1541ರಲ್ಲಿ ಅನಾವರಣಗೊಂಡ ಮೈಕೆಲೇಂಜೆಲೊನ ‘ಅಂತಿಮ ತೀರ್ಪು’ ಭಿತ್ತಿಚಿತ್ರದ ದೇಹಗಳಿಗೆ 1565ರಲ್ಲಿ ಡೇನಿಯೆಲೆ ಡ ವೊಲ್ಟೆರಾ ಎಂಬ ಕಲಾವಿದನಿಂದ ಬಟ್ಟೆ ಬರೆಸಲಾಯಿತು. ಈ ಪ್ರಸಂಗದ ನೆರಳು ನಾಲ್ಕು ಶತಮಾನಗಳ ಅನಂತರ ಭಾರತದ ಸರ್ವೋಚ್ಚ ನ್ಯಾಯಾಲಯದ ಮೇಲೂ ಬಿದ್ದಿತು. 1964ರ ರಂಜಿತ್ ಉದೇಶಿ ಪ್ರಕರಣದಲ್ಲಿ ನ್ಯಾಯಾಲಯವು ಪುಸ್ತಕವೊಂದರ ಮಾರಾಟಕ್ಕೆ ನೀಡಿದ್ದ ಶಿಕ್ಷೆಯನ್ನು ಎತ್ತಿಹಿಡಿಯಿತಾದರೂ, ಕಲೆಯಲ್ಲಿನ ನಗ್ನತೆಯೇ ಅಶ್ಲೀಲತೆಗೆ ಸಾಕ್ಷಿಯಲ್ಲವೆಂದು ಹೇಳುತ್ತ ಮೈಕೆಲೇಂಜೆಲೊನ ದೇವದೂತರಿಗೆ ಚಲ್ಲಣ ತೊಡಿಸಬೇಕಾಗಿಲ್ಲವೆಂಬ ಅರ್ಥದ ಮಾತನ್ನಾಡಿತು. ಅದಕ್ಕೆ ಹತ್ತು ವರ್ಷ ಮೊದಲು, 1954ರಲ್ಲಿ, ಮುಂಬಯಿಯ ಜಹಾಂಗೀರ್ ಕಲಾಗ್ಯಾಲರಿಯಲ್ಲಿ ಪ್ರದರ್ಶಿತವಾದ ಅಕ್ಬರ್ ಪದಮ್ಸೀ ಅವರ ಪ್ರೇಮಿಗಳ ಚಿತ್ರಗಳ ಮೇಲೆ ಮೊಕದ್ದಮೆ ಹೂಡಲಾಗಿತ್ತು. ಕಲಾವಿದರು ಅದರಲ್ಲಿ ಗೆದ್ದರು. ಎಂ.ಎಫ್. ಹುಸೇನ್ ಅವರ ವಿರುದ್ಧದ ಪ್ರಕರಣಗಳನ್ನು ದೆಹಲಿ ಉಚ್ಚ ನ್ಯಾಯಾಲಯ 2008ರಲ್ಲಿ ರದ್ದುಗೊಳಿಸಿತು. ಇಷ್ಟಾದರೂ ಎಫ್.ಎನ್. ಸೂಜಾ ಮತ್ತು ಪದಮ್ಸೀ ಅವರ ಏಳು ಕೃತಿಗಳನ್ನು ಸುಂಕ ಅಧಿಕಾರಿಗಳು 2023ರಲ್ಲಿ ಅಶ್ಲೀಲವೆಂದು ತಡೆಹಿಡಿದರು. 2024ರ ಅಕ್ಟೋಬರಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಆ ಆದೇಶವನ್ನು ತಳ್ಳಿಹಾಕಿತು.

ಈ ವಾದಗಳಲ್ಲಿ ಕಲಾವಿದರ ಪರವಾಗಿ ಸಾಮಾನ್ಯವಾಗಿ ಮುಂದಿಡುವ ಸಾಕ್ಷ್ಯಗಳು ಎರಡು: ಮೈಕೆಲೇಂಜೆಲೊನಂತಹ ಪಶ್ಚಿಮದ ಮಹನೀಯರು ಮತ್ತು ಖಜುರಾಹೊ–ಕೊನಾರ್ಕಗಳ ಮಿಥುನಶಿಲ್ಪಗಳು. ಮೊದಲನೆಯದು ಹೊರಗಿನದೆಂಬ ಮರುವಾದಕ್ಕೆ ಗುರಿಯಾಗುತ್ತದೆ. ಎರಡನೆಯದು ಶೃಂಗಾರದ ಚೌಕಟ್ಟಿನೊಳಗೇ ಚರ್ಚೆಯನ್ನು ಕಟ್ಟಿಹಾಕುತ್ತದೆ. ಶೃಂಗಾರವೂ ಅಲ್ಲದ, ಪರಕೀಯವೂ ಅಲ್ಲದ ನಗ್ನತೆಯೊಂದು ಈ ನಾಡಿನ ಸಣ್ಣಪುಟ್ಟ ಊರುಗಳಲ್ಲಿ ಸಾವಿರ ವರ್ಷಗಳಿಂದ ಕಣ್ಣೆದುರಿಗಿದೆ ಎಂಬ ಸಾಕ್ಷ್ಯ ಹಿಂದೆಯೇ ಉಳಿಯುತ್ತದೆ. ಹಾಗೆಂದು ಜಿನಬಿಂಬವನ್ನು ಕಲಾಶಾಲೆಯ ನಗ್ನಚಿತ್ರಕ್ಕೆ ರಕ್ಷಾಕವಚವಾಗಿ ಬಳಸುವುದೂ ಸರಿಯಲ್ಲ. ಬಿಂಬವು ಆರಾಧಕರದು, ಅದರ ನಿರ್ವಸ್ತ್ರತೆಯು ವ್ರತದ ಫಲ. ರೂಪದರ್ಶಿಯದು ಜೀವನೋಪಾಯಕ್ಕಾಗಿ ನೀಡಿದ ಸೇವೆ. ಕೂಲಿಗೆ ಬಂದು ಗಂಟೆಗಟ್ಟಲೆ ಅಲುಗಾಡದೆ ನಿಲ್ಲುವ ಬಡ ವ್ಯಕ್ತಿಯ ಘನತೆಯ ಪ್ರಶ್ನೆ ಬಿಂಬದ ಮುಂದೆ ಏಳುವುದಿಲ್ಲ. ತರಗತಿಯಲ್ಲಿ ಏಳುತ್ತದೆ, ಏಳಲೇಬೇಕು. ಎರಡರ ನಡುವಿನ ಈ ವ್ಯತ್ಯಾಸವನ್ನು ಮರೆಸಿ ನಡೆಸುವ ಯಾವ ಸಮರ್ಥನೆಯೂ ನಿಲ್ಲಲಾರದು.

9. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ನಿಲುವುಗಳಿಗೆ ಬರಬಹುದು. ಆಧುನಿಕ ಕನ್ನಡ ರೇಖಾಚಿತ್ರದ ಮಾನವಾಕೃತಿಯು ತನ್ನ ರಚನಾಜ್ಞಾನವನ್ನು, ಎಂದರೆ ಮೂಳೆ, ಸ್ನಾಯು, ಭಾರ ಮತ್ತು ಪ್ರತಿತುಲನೆಗಳ ಅರಿವನ್ನು, ಗ್ರೀಕ್–ರಿನೈಸಾನ್ಸ್ ಪರಂಪರೆಯಿಂದ ಕಲಾಶಾಲೆಗಳ ಮೂಲಕ ಪಡೆಯಿತು. ಈ ಋಣವನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ಜ್ಞಾನವನ್ನು ನೆರಳಿನಿಂದ ಬಿಡಿಸಿ ರೇಖೆಗೆ ಇಳಿಸಿದಾಗ, ಆಕೃತಿಗೆ ಸುತ್ತಲಿನ ಬಿಳುಪನ್ನೇ ಆಕಾಶವಾಗಿ ಬಿಟ್ಟಾಗ, ಅದು ನಿರಾಭರಣ ಬಿಂಬದ ನೆಲೆಗೆ ಸಮೀಪವಾಯಿತು. ಇದನ್ನು ನೇರ ಪ್ರಭಾವವೆನ್ನುವುದಕ್ಕಿಂತ ಸಂಸ್ಕಾರವೆನ್ನುವುದು ಉಚಿತ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಂತಹ ಊರುಗಳ ಪ್ರೌಢಶಾಲೆಗಳಿಂದ ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆಗಳನ್ನು ಮುಗಿಸಿ ಕಲಾಶಾಲೆಗೆ ಹೋಗುವ ವಿದ್ಯಾರ್ಥಿಯು ವಿಟ್ರೂವಿಯಸನ ಪುರುಷನನ್ನು ಪುಸ್ತಕದ ಪುಟದಲ್ಲಿ ನೋಡಿ ಅಳತೆಯನ್ನು ಕಲಿಯುತ್ತಾನೆ. ತನ್ನ ಊರಿನ ಬಸದಿಯ ಬಿಂಬವೂ ವಿದ್ಯಾಶಂಕರ ದೇವಾಲಯದ ಹೊರಗೋಡೆಯ ಮೂರ್ತಿಗಳೂ ಅಂತಹುದೇ ಅಳತೆಯ ಫಲವೆಂದು ಅವನಿಗೆ ತಿಳಿಸುವ ಪಠ್ಯ ವಿರಳ. ಈ ಪ್ರದೇಶದ ಬಸದಿ, ದೇವಾಲಯ, ವೀರಗಲ್ಲು, ಮಾಸ್ತಿಕಲ್ಲುಗಳ ಆಕೃತಿಗಳನ್ನು ಆಡಳಿತ ಮಂಡಳಿಗಳ ಒಪ್ಪಿಗೆಯೊಡನೆ, ಆರಾಧನೆಯ ಮರ್ಯಾದೆಗೆ ಕುಂದು ಬಾರದಂತೆ, ಅಳತೆಸಹಿತವಾದ ರೇಖಾಚಿತ್ರಗಳಲ್ಲಿ ದಾಖಲಿಸುವ ಕಾರ್ಯ ನಡೆಯಬೇಕಾಗಿದೆ. ಛಾಯಾಚಿತ್ರವು ಮೇಲ್ಮೈಯನ್ನು ಕೊಡುತ್ತದೆ. ಅಳತೆಯ ರೇಖೆಯು ಶಿಲ್ಪಿಯ ಲೆಕ್ಕವನ್ನು ಕೊಡುತ್ತದೆ. ಮಳೆಯ ನಾಡಿನಲ್ಲಿ ಬಯಲಿಗೆ ಬಿದ್ದ ಕಲ್ಲುಗಳ ಮೇಲೆ ಪಾಚಿ ಬೆಳೆದು ಗೆರೆಗಳು ವರ್ಷದಿಂದ ವರ್ಷಕ್ಕೆ ಮಾಸುತ್ತಿರುವುದರಿಂದ ಈ ಕಾರ್ಯವನ್ನು ಮುಂದೂಡುವುದು ಹಿತವಲ್ಲ. ಅಂತಹ ದಾಖಲೆ ಸಿದ್ಧವಾದಲ್ಲಿ, ಲಿಯೊನಾರ್ಡೊನ ವೃತ್ತದೊಳಗಿನ ಪುರುಷನನ್ನೂ ಕಾಯೋತ್ಸರ್ಗದಲ್ಲಿ ನಿಂತ ಜಿನನನ್ನೂ ಒಂದೇ ಮೇಜಿನ ಮೇಲಿಟ್ಟು ಹೋಲಿಸಿ ನೋಡುವ ಅವಕಾಶ ಮಲೆನಾಡಿನ ವಿದ್ಯಾರ್ಥಿಗೆ ಅವನ ಊರಿನಲ್ಲಿಯೇ ದೊರೆಯುತ್ತದೆ.